ಪಿಡುಗು ಹೋದ ಮೇಲೆ ಉಳಿಯುವುದೇನು?



2020ರ ಪವಿತ್ರ ವಾರವನ್ನು ನಾವು ಯಾರೂ ಮರೆಯುವಂತಿಲ್ಲ. ಗರಿಗಳ ಭಾನುವಾರದಂದು ಕೈಯಲ್ಲಿ ಗರಿ ಇರಲಿಲ್ಲ. ಶುಭ ಶುಕ್ರವಾರದಂದು ಬೀದಿಯಲ್ಲಿ ಶಿಲುಬೆಯ ಹಾದಿ ಇರಲಿಲ್ಲ. ಏಪ್ರಿಲ್ 12ರ ಪಾಸ್ಖ ಹಬ್ಬದಂದು ದೇವಾಲಯದ ಬಾಗಿಲು ಮುಚ್ಚಿತ್ತು. ಗುರುಗಳು ಒಳಗೆ ಬಲಿಪೂಜೆ ಅರ್ಪಿಸುತ್ತಿದ್ದರೆ, ನಾವು ಮನೆಮಂದಿಯೆಲ್ಲ ಒಂದು ಮೊಬೈಲಿನ ಮುಂದೆ ಕುಳಿತಿದ್ದೆವು. "ಇನ್ನು ಮುಂದೆ ಲೋಕ ಮೊದಲಿನಂತಿರುವುದಿಲ್ಲ" ಎಂಬ ಮಾತು ಆಗ ಎಲ್ಲರ ಬಾಯಲ್ಲೂ ಇತ್ತು.

ಆ ಮಾತು ನಿಜವಾಯಿತೇ? ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ತುರ್ತುಸ್ಥಿತಿ ಮುಗಿಯಿತೆಂದು 2023ರ ಮೇ 5ರಂದು ಸಾರಿತು. ಇಂದು ಮಾರುಕಟ್ಟೆಗೆ ಹೋದರೆ ಅದೇ ನೂಕುನುಗ್ಗಲು, ಮದುವೆ ಮನೆಗೆ ಹೋದರೆ ಅದೇ ಪಂಕ್ತಿ. ಏನೂ ಬದಲಾಗಲೇ ಇಲ್ಲವೇನೋ ಎನಿಸುತ್ತದೆ. ಆದರೆ ಪಿಡುಗುಗಳ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ತಿರುಗಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಭಯ ಬೇಗ ಕರಗಿಹೋಗುತ್ತದೆ. ಆ ಭಯದ ದಿನಗಳಲ್ಲಿ ಮನುಷ್ಯರು ಏನನ್ನು ಕಟ್ಟಿದರೋ, ಏನನ್ನು ಕಾನೂನಾಗಿ ಬರೆದರೋ, ಏನನ್ನು ರೂಢಿ ಮಾಡಿಕೊಂಡರೋ ಅದು ಮಾತ್ರ ಉಳಿಯುತ್ತದೆ. ಇದಕ್ಕೆ ಸಾಕ್ಷಿ ನಮ್ಮ ನಾಡಿನಲ್ಲೇ ಇದೆ.

ಪ್ಲೇಗು ಕಟ್ಟಿದ ಬೀದಿಗಳು

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು, ರೈಲುಹಾದಿ ಹಿಡಿದು 1898ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಬಂತು. ಅಂದಿನ ಪೇಟೆಯ ಓಣಿಗಳು ಇಕ್ಕಟ್ಟಾಗಿದ್ದವು. ಮನೆಗೆ ಮನೆ ಅಂಟಿಕೊಂಡಿತ್ತು, ಕತ್ತಲೆ ಕೋಣೆಗಳಲ್ಲಿ ಗಾಳಿ ಆಡುತ್ತಿರಲಿಲ್ಲ, ಧಾನ್ಯದ ಮೂಟೆಗಳ ನಡುವೆ ಇಲಿಗಳು ಓಡಾಡುತ್ತಿದ್ದವು. ಸಾವಿರಾರು ಜನ ಸತ್ತರು, ಅನೇಕರು ಊರು ಬಿಟ್ಟರು. ಹಳ್ಳಿಗಳಲ್ಲಿ "ಇಲಿ ಬಿತ್ತು" ಎಂದರೆ ಸಾಕು, ಜನ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಈ ಮಾತನ್ನು ಅಜ್ಜ ಅಜ್ಜಿಯರ ಬಾಯಿಂದ ಕೇಳಿದವರು ನಮ್ಮಲ್ಲಿ ಇನ್ನೂ ಇದ್ದಾರೆ.

ಆ ಭಯದಿಂದ ಏನೇನು ಹುಟ್ಟಿತು ನೋಡಿ. ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳ ಯೋಚನೆ ಮೊದಲೇ ಇತ್ತಾದರೂ, ಅವಕ್ಕೆ ವೇಗ ಕೊಟ್ಟದ್ದು ಪ್ಲೇಗು. ಅಗಲವಾದ ನೇರ ರಸ್ತೆ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ಕಸ ಸಾಗಿಸಲು ಸಣ್ಣ ಓಣಿ, ಇವೆಲ್ಲ ಅಂದವನ್ನಷ್ಟೇ ನೋಡಿ ಮಾಡಿದವಲ್ಲ. ಗಾಳಿ ಬೆಳಕು ಬರಲಿ, ರೋಗ ಹರಡದಿರಲಿ ಎಂದು ಮಾಡಿದವು. ದಂಡು ಪ್ರದೇಶದಲ್ಲಿ ಫ್ರೇಜರ್ ಟೌನ್ ಎದ್ದದ್ದೂ ಇದೇ ಕಾರಣಕ್ಕೆ. ಅಲ್ಲಿನ ಪುರಸಭೆಯ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಅವರು ಇಲಿ ನುಸುಳದಂಥ ಮನೆಗಳ ನಕ್ಷೆಗಳನ್ನೇ ರೂಪಿಸಿದರು. ಪ್ಲೇಗು ಕೆಲಸದ ಸಿಬ್ಬಂದಿ ಪರಸ್ಪರ ಸುದ್ದಿ ಮುಟ್ಟಿಸಲೆಂದು 1898ರಲ್ಲಿ ಬೆಂಗಳೂರಿನಲ್ಲಿ ಟೆಲಿಫೋನ್ ತಂತಿ ಎಳೆಯಲಾಯಿತು. ಊರಿಗೊಬ್ಬ ಆರೋಗ್ಯಾಧಿಕಾರಿ ಬಂದರು. ಮೈಸೂರಿನಲ್ಲಿ 1903ರಲ್ಲಿ ನಗರದ ಸುಧಾರಣೆಗೆಂದೇ ಒಂದು ಮಂಡಳಿ ಏರ್ಪಟ್ಟಿತು.

ಕಾನೂನಿನಲ್ಲೂ ಅದರ ಗುರುತು ಉಳಿಯಿತು. ಪ್ಲೇಗನ್ನು ತಡೆಯಲು ಬ್ರಿಟಿಷ್ ಸರ್ಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ತಂದಿತು. ನಾಲ್ಕೇ ಸೆಕ್ಷನ್ನುಗಳ ಪುಟ್ಟ ಕಾಯ್ದೆ ಅದು. 123 ವರ್ಷಗಳ ಬಳಿಕ ಕೋವಿಡ್ ಬಂದಾಗ ದೇಶದಾದ್ಯಂತ ಕೈಗೆತ್ತಿಕೊಂಡದ್ದು ಅದನ್ನೇ. ಕರ್ನಾಟಕ ತನ್ನದೇ ಆದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನು ಮಾಡಿಕೊಂಡದ್ದು 2020ರಲ್ಲಿ.

ಆದರೆ ಈ ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ಹೊಸ ಬಡಾವಣೆಯಲ್ಲಿ ಸೈಟು ಕೊಂಡು ಮನೆ ಕಟ್ಟಿಸಬಲ್ಲವರು ಗಾಳಿ ಬೆಳಕಿಗೆ ಹೋದರು. ಸೈಟುಗಳ ಹಂಚಿಕೆಯಲ್ಲಿ ಜಾತಿ, ಕೋಮುಗಳ ವಿಂಗಡಣೆಯೂ ನಡೆಯಿತು. ದುಡ್ಡಿಲ್ಲದ ಕೂಲಿಯವರು ಹಳೆಯ ಓಣಿಗಳಲ್ಲೇ ಉಳಿದರು. ತಮ್ಮನ್ನು ಕಾಯುವಂತೆ ಬೇಡಿ ಜನರು ಕಟ್ಟಿಕೊಂಡ ಪ್ಲೇಗ್ ಮಾರಿಯಮ್ಮನ ಗುಡಿಗಳು ಇಂದಿಗೂ ಬೆಂಗಳೂರಿನ ಗಲ್ಲಿಗಳಲ್ಲಿವೆ. ಪ್ಲೇಗು ನಗರವನ್ನು ಬದಲಿಸಿತು, ನಿಜ. ಆದರೆ ಎಲ್ಲರಿಗೂ ಸಮನಾಗಿ ಬದಲಿಸಲಿಲ್ಲ.

ಮರೆತುಹೋದ ಜ್ವರ

ಹಾಗಾದರೆ ಸಾವು ಹೆಚ್ಚಾದಷ್ಟೂ ಬದಲಾವಣೆ ಹೆಚ್ಚೇ? ಅಲ್ಲ. ಪ್ಲೇಗು ಬಂದ ಇಪ್ಪತ್ತು ವರ್ಷಕ್ಕೆ, 1918ರಲ್ಲಿ, ಇನ್‌ಫ್ಲುಯೆಂಜಾ ಜ್ವರ ಬಂತು. ಅದೂ ಮುಂಬಯಿಯ ಮೂಲಕವೇ ಬಂದು ಕೆಲವೇ ತಿಂಗಳಲ್ಲಿ ದೇಶವನ್ನೆಲ್ಲ ಸುತ್ತಿತು. ಭಾರತದಲ್ಲಿ ಅದರಿಂದ ಸತ್ತವರು ಒಂದು ಕೋಟಿಗೂ ಹೆಚ್ಚು ಎಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ನಮ್ಮ ಜನಗಣತಿಯ ಪುಟಗಳಲ್ಲಿ ದೇಶದ ಜನಸಂಖ್ಯೆ ಏರದೆ ಇಳಿದ ಒಂದೇ ಒಂದು ದಶಕವಿದೆ. ಅದು 1911ರಿಂದ 1921.

ಅಷ್ಟು ದೊಡ್ಡ ಸಾವಿನ ಗುರುತು ನಮ್ಮ ಊರುಗಳಲ್ಲಿ ಎಲ್ಲಿದೆ? ಪ್ಲೇಗಿನ ಹೆಸರು ಹೇಳಿ ಬಡಾವಣೆ ತೋರಿಸಬಹುದು, ಗುಡಿ ತೋರಿಸಬಹುದು. 1918ರ ಜ್ವರದ ಹೆಸರು ಹೇಳಿ ತೋರಿಸಲು ಅಂಥದ್ದು ಸಿಗುವುದು ಕಷ್ಟ. ಪ್ಲೇಗು ವರ್ಷ ವರ್ಷವೂ ಮರಳಿ ಬರುತ್ತಿತ್ತು, ಆದ್ದರಿಂದ ಆಳುವವರು ಏನಾದರೂ ಮಾಡಲೇಬೇಕಾಯಿತು. ಜ್ವರವಾದರೋ ಬಿರುಗಾಳಿಯಂತೆ ಬಂದು ಹೋಯಿತು. ಉಳಿದವರು ಸತ್ತವರನ್ನು ಮಣ್ಣು ಮಾಡಿ ತಮ್ಮ ಕೆಲಸಕ್ಕೆ ಮರಳಿದರು.

ಇದೇ ನಾವು ಕಲಿಯಬೇಕಾದ ಪಾಠ. ರೋಗ ತಾನಾಗಿ ಸಮಾಜವನ್ನು ತಿದ್ದುವುದಿಲ್ಲ. ತಿದ್ದುವವರು ಮನುಷ್ಯರು, ಅವರು ಕೈಕಟ್ಟಿ ಕುಳಿತರೆ ಕೋಟಿ ಸಾವೂ ಗುರುತಿಲ್ಲದೆ ಅಳಿಸಿಹೋಗುತ್ತದೆ.

ನಮ್ಮ ಕಾಲದ ಲೆಕ್ಕ

ಈ ಬೆಳಕಿನಲ್ಲಿ ಕೋವಿಡ್ ಕಾಲವನ್ನು ನೋಡೋಣ. ಆಗ ಬಂದದ್ದನ್ನು ಮೂರು ರಾಶಿ ಮಾಡಬಹುದು.

ಮೊದಲನೆಯದು, ಬಂದು ಹೋದದ್ದು. ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳು, ಮುಖದ ಮಾಸ್ಕು, ಬಾಗಿಲಲ್ಲಿ ಇಟ್ಟ ಸ್ಯಾನಿಟೈಸರ್ ಬಾಟಲಿ. ದೇವಾಲಯದ ಬರಿದಾದ ತೀರ್ಥದ ಬಟ್ಟಲಿಗೆ ಮತ್ತೆ ನೀರು ಬಂದಿದೆ. ಕೆಮ್ಮು ಇದ್ದವರು ಬಾಯಿ ಮುಚ್ಚಿಕೊಳ್ಳುವ ಒಳ್ಳೆಯ ರೂಢಿಯನ್ನೂ ನಾವು ಇದರ ಜೊತೆಗೇ ಬಿಟ್ಟುಬಿಟ್ಟೆವು.

ಎರಡನೆಯದು, ಯಾರೂ ಹಿಡಿದಿಡದಿದ್ದರೂ ತಾನೇ ನಿಂತದ್ದು. 2016ರಲ್ಲೇ ಶುರುವಾಗಿದ್ದ ಯುಪಿಐ ಪಾವತಿ ಇಂದು ಹೂವು ಮಾರುವವರ ಬುಟ್ಟಿಯ ಬಳಿಯೂ ಇದೆ. ಫೋನಿನಲ್ಲಿ ವೈದ್ಯರ ಸಲಹೆ ಪಡೆಯಲು 2020ರ ಮಾರ್ಚಿಯಲ್ಲಿ ಸರ್ಕಾರವೇ ನಿಯಮಾವಳಿ ಹೊರಡಿಸಿತು. ಮನೆಯಿಂದಲೇ ಕಚೇರಿ ಕೆಲಸ ಮಾಡುವುದು ಕೆಲವರ ಪಾಲಿಗೆ ಕಾಯಂ ಆಗಿದೆ. ವಿದೇಶದಲ್ಲಿರುವ ಮಗ ತಂದೆಯ ಅಂತ್ಯಕ್ರಿಯೆಯನ್ನು ಮೊಬೈಲಿನಲ್ಲಿ ನೋಡುವುದು ಈಗ ಯಾರಿಗೂ ಸೋಜಿಗವಲ್ಲ. ಇವೆಲ್ಲ ಅನುಕೂಲವೇ. ಆದರೆ ಇವು ಫೋನು ಇದ್ದವರ, ಕುಳಿತು ಮಾಡುವ ಕೆಲಸ ಇದ್ದವರ ಅನುಕೂಲ. ಗಾರೆ ಕೆಲಸದವರು, ಮನೆಗೆಲಸದ ಅಕ್ಕಂದಿರು, ಪೌರಕಾರ್ಮಿಕರು ಮನೆಯಿಂದ ಕೆಲಸ ಮಾಡಲಾರರು. ಪ್ಲೇಗಿನ ಕಾಲದ ಸೈಟಿನ ಕತೆ ಇಲ್ಲಿ ಮತ್ತೆ ಕಾಣುತ್ತದೆ.

ಮೂರನೆಯದು, ಯಾರಾದರೂ ಹಿಡಿದಿಟ್ಟರೆ ಮಾತ್ರ ಉಳಿಯುವುದು. ನಮ್ಮ ಹೊಣೆ ಇರುವುದು ಇಲ್ಲೇ.

ಭಾರತದ ಮೊದಲ ಕೋವಿಡ್ ಸಾವು ದಾಖಲಾದದ್ದು 2020ರ ಮಾರ್ಚಿಯಲ್ಲಿ, ನಮ್ಮ ಕಲಬುರಗಿಯಲ್ಲಿ. 2021ರ ಮೇ ತಿಂಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಬಂದ ಆ ಹೊತ್ತಿನಲ್ಲಿ 24 ರೋಗಿಗಳು ಕಣ್ಮುಚ್ಚಿದರು. ಆ ವರ್ಷ ದೇಶದ ಅನೇಕ ಆಸ್ಪತ್ರೆಗಳಲ್ಲಿ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸುವ ಯಂತ್ರಗಳನ್ನು ಕೂರಿಸಲಾಯಿತು. ಯಂತ್ರ ಕೂರಿಸುವುದು ಒಂದು ದಿನದ ಸಮಾರಂಭ. ಅದನ್ನು ನಡೆಸುವ ಕೆಲಸಗಾರ, ಕರೆಂಟು, ರಿಪೇರಿಯ ಹಣ, ಇವು ಪ್ರತಿ ವರ್ಷದ ಮಾತು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥ ಯಂತ್ರವಿದೆಯೇ, ಇದ್ದರೆ ಅದು ನಡೆಯುತ್ತಿದೆಯೇ ಎಂದು ಕೇಳುವ ಹಕ್ಕು ನಮಗಿದೆ. ಕೇಳುವವರಿಲ್ಲದಿದ್ದರೆ ಅದು ತುಕ್ಕು ಹಿಡಿಯುತ್ತದೆ.

ಇನ್ನು ಮಕ್ಕಳು. 2020ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಬೇಕಿದ್ದ ಮಗು ಕರ್ನಾಟಕದಲ್ಲಿ ಶಾಲೆಯ ಬೆಂಚಿನ ಮೇಲೆ ಕುಳಿತದ್ದು 2021ರ ಅಕ್ಟೋಬರ್ 25ರ ಬಳಿಕ, ಅಂದರೆ ಎರಡನೆಯ ತರಗತಿಗೆ ಬಂದ ಮೇಲೆ. ನಡುವೆ ಸರ್ಕಾರಿ ಶಾಲೆಯ ಶಿಕ್ಷಕರು ವಿದ್ಯಾಗಮ ಯೋಜನೆಯಡಿ ಮರದ ಕೆಳಗೆ, ಗುಡಿಯ ಜಗಲಿಯ ಮೇಲೆ ಪಾಠ ಹೇಳಿದರು. ಅದು ಮೆಚ್ಚಬೇಕಾದ ಸೇವೆ. ಆದರೂ ಅಕ್ಷರ ತಿದ್ದುವ ವಯಸ್ಸು ಕಳೆದುಹೋದ ಮಕ್ಕಳು, ಕೂಲಿಗೆ ಹೋಗಿ ಶಾಲೆಗೆ ಮರಳದ ಹುಡುಗರು, ಬೇಗ ಮದುವೆಯಾದ ಹುಡುಗಿಯರು ನಮ್ಮ ಸುತ್ತ ಇದ್ದಾರೆ. ಅವರ ಬದುಕಿನಲ್ಲಿ ಪಿಡುಗು ತಂದ ಬದಲಾವಣೆ ನಿಜಕ್ಕೂ ಶಾಶ್ವತವಾದದ್ದು.

ತಂದೆ ತಾಯಿ ಇಬ್ಬರನ್ನೂ ಕೋವಿಡ್‌ಗೆ ಕಳೆದುಕೊಂಡ ಮಕ್ಕಳಿಗೆ ತಿಂಗಳಿಗೆ 3,500 ರೂಪಾಯಿ ಕೊಡುವ ಬಾಲ ಸೇವಾ ಯೋಜನೆಯನ್ನು ಕರ್ನಾಟಕ ಸರ್ಕಾರ 2021ರಲ್ಲಿ ಪ್ರಕಟಿಸಿತು. ಲಾಕ್‌ಡೌನ್ ಕಾಲದಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ಧಾನ್ಯವು 2023ರ ಜನವರಿಯಿಂದ ಆಹಾರ ಭದ್ರತಾ ಕಾಯ್ದೆಯ ಪಡಿತರದೊಳಗೇ ಸೇರಿತು. 2024ರಿಂದ ಐದು ವರ್ಷಗಳಿಗೆ ಅದನ್ನು ಮುಂದುವರಿಸಲಾಗಿದೆ. ತುರ್ತಿಗೆಂದು ಬಂದದ್ದು ಹೀಗೆ ವ್ಯವಸ್ಥೆಯಾಗಿ ನಿಲ್ಲಬಲ್ಲದು. ಆದರೆ ಕಾಗದಪತ್ರ ಸರಿಯಿಲ್ಲದೆ ಇವುಗಳಿಂದ ಹೊರಗುಳಿದವರನ್ನು ಹುಡುಕಿ ಕರೆದೊಯ್ಯಲು ಯಾರಾದರೂ ಬೇಕು.

ದೇವಾಲಯದಲ್ಲಿ ಉಳಿದದ್ದು

ಬಾಗಿಲು ಮುಚ್ಚಿದ್ದು ಧರ್ಮಸಭೆಗೆ ಹೊಸದಲ್ಲ. 1576ರಲ್ಲಿ ಮಿಲಾನ್ ನಗರದಲ್ಲಿ ಪ್ಲೇಗು ಎದ್ದಾಗ ಅಲ್ಲಿನ ಮಹಾಧರ್ಮಾಧ್ಯಕ್ಷರಾಗಿದ್ದ ಸಂತ ಚಾರ್ಲ್ಸ್ ಬೊರೊಮಿಯೊ ಅವರು ಬೀದಿಯ ಕೂಡುಗಳಲ್ಲಿ ಪೀಠಗಳನ್ನು ಇಡಿಸಿದರು. ಮನೆಯೊಳಗಿದ್ದ ಜನ ಕಿಟಕಿಗಳಿಂದಲೇ ಬಲಿಪೂಜೆಯಲ್ಲಿ ಪಾಲ್ಗೊಂಡರು. ಆದರೆ ಅವರು ಪೀಠ ಇಡಿಸಿ ಸುಮ್ಮನಾಗಲಿಲ್ಲ. ರೋಗಿಗಳ ಬಳಿಗೆ ತಾವೇ ನಡೆದುಹೋದರು, ಹಸಿದವರಿಗೆ ಊಟದ ಏರ್ಪಾಟು ಮಾಡಿದರು.

ನಮ್ಮ ಕಾಲದ ಕಿಟಕಿ ಮೊಬೈಲು. ಅದು ಕಷ್ಟದ ದಿನಗಳಲ್ಲಿ ನಮ್ಮನ್ನು ಕೂಡಿಸಿತು. ಹಾಸಿಗೆ ಹಿಡಿದವರಿಗೆ ಇಂದಿಗೂ ಅದು ವರವೇ. ಆದರೆ ಪ್ರಸಾರವು ಬಲಿಪೂಜೆಯ ಪಾಲ್ಗೊಳ್ಳುವಿಕೆಗೆ ಬದಲಿಯಾಗಲಾರದೆಂದು ವ್ಯಾಟಿಕನ್ನಿನ ದೈವಾರಾಧನೆಯ ಪೀಠವು 2020ರಲ್ಲೇ ಧರ್ಮಾಧ್ಯಕ್ಷರುಗಳಿಗೆ ಪತ್ರ ಬರೆದು ನೆನಪಿಸಿತು. ಏಕೆಂದರೆ ಮೊಬೈಲಿನಲ್ಲಿ ಗುರುಗಳು ಕಾಣುತ್ತಾರೆ, ಪಕ್ಕದ ಬೆಂಚಿನವರು ಕಾಣುವುದಿಲ್ಲ. ಪಕ್ಕದ ಬೆಂಚು ಖಾಲಿಯಾದದ್ದು ಗೊತ್ತಾಗದಿದ್ದರೆ, ಅಲ್ಲಿ ಕೂರುತ್ತಿದ್ದ ವೃದ್ಧೆ ಏಕೆ ಬಂದಿಲ್ಲ ಎಂದು ಕೇಳುವವರಾರು? ಕೋವಿಡ್ ಕಾಲದಲ್ಲಿ ಹೊಸ್ತಿಲು ದಾಟುವುದನ್ನು ಬಿಟ್ಟ ಕೆಲವು ಹಿರಿಯರು ಇನ್ನೂ ದಾಟಿಲ್ಲ. ಅವರಿಗೆ ಭಯಕ್ಕಿಂತ ಹೆಚ್ಚಾಗಿ, ಕರೆದೊಯ್ಯುವವರಿಲ್ಲ.

ಆ ದಿನಗಳಲ್ಲಿ ನಾವು ಒಳ್ಳೆಯದನ್ನೂ ಮಾಡಿದೆವು. ಧರ್ಮಕೇಂದ್ರದ ಯುವಕರು ಬೀದಿ ಬೀದಿಗೆ ದಿನಸಿ ಮುಟ್ಟಿಸಿದರು. ಕ್ರೈಸ್ತರು, ಮುಸಲ್ಮಾನರು, ಹಿಂದೂಗಳು ಜೊತೆಯಾಗಿ, ಬಂಧುಗಳೂ ಮುಟ್ಟಲು ಹೆದರಿದ ಶವಗಳನ್ನು ಗೌರವದಿಂದ ಸಂಸ್ಕಾರ ಮಾಡಿದರು. ಯಾವ ಮನೆಯಲ್ಲಿ ಯಾರು ಒಂಟಿ, ಯಾರಿಗೆ ಮಾತ್ರೆ ಬೇಕು ಎಂಬ ಪಟ್ಟಿ ಆಗ ನಮ್ಮ ಕೈಯಲ್ಲಿತ್ತು. ಆ ಪಟ್ಟಿ ಈಗ ಎಲ್ಲಿದೆ?

ಅದನ್ನು ಮತ್ತೆ ಬರೆಯುವುದರಿಂದ ಶುರು ಮಾಡಬಹುದು. ಪ್ರತಿ ವಾರ್ಡಿನ ಕುಟುಂಬಗಳು ಸೇರಿ ಒಂಟಿ ಹಿರಿಯರ ಹೆಸರು, ಶಾಲೆ ಬಿಟ್ಟ ಮಕ್ಕಳ ಹೆಸರು, ತಂದೆ ತಾಯಿ ಇಲ್ಲದ ಮಕ್ಕಳ ಹೆಸರು ಬರೆಯಲಿ. ಯಾವ ಜಾತಿ, ಯಾವ ಧರ್ಮ ಎಂದು ಕೇಳದೆ ಬರೆಯಲಿ. ಒಂದೊಂದು ಕುಟುಂಬ ಒಂದೊಂದು ಹೆಸರಿನ ಹೊಣೆ ಹೊರಲಿ. ಹಬ್ಬದ ಖರ್ಚಿನಲ್ಲಿ ಒಂದು ಪಾಲು ಸಂಜೆಯ ಪಾಠಕ್ಕೆ ಹೋಗಲಿ. ಭಾನುವಾರ ಸ್ಕೂಟರಿನ ಹಿಂದಿನ ಸೀಟು ಅಕ್ಕಪಕ್ಕದ ಒಬ್ಬ ಅಜ್ಜಿಗೆ ಮೀಸಲಾಗಲಿ.

ನಮ್ಮ ಪೂರ್ವಿಕರು ಪ್ಲೇಗಿನ ಬಳಿಕ ಅಗಲವಾದ ಬೀದಿಗಳನ್ನು ಬಿಟ್ಟುಹೋದರು, ಆದರೆ ಅವು ಎಲ್ಲರನ್ನೂ ಮುಟ್ಟಲಿಲ್ಲ. ನಾವು ಬಿಟ್ಟುಹೋಗುವುದು ಎಲ್ಲರನ್ನೂ ಮುಟ್ಟಲಿ. ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ ಪ್ರಭು ಅದಕ್ಕೆ ಬೇಕಾದ ಮನಸ್ಸನ್ನೂ ಬಲವನ್ನೂ ನಮಗೆ ಕರುಣಿಸಲಿ.