‘ಡಿಸ್ಟ್ರ್ಯಾಕ್ಷನ್’ ಎಂಬ ಶಬ್ದದ ಎಳೆತ

ಇಂಗ್ಲಿಷಿನಲ್ಲಿ ‘ಡಿಸ್ಟ್ರ್ಯಾಕ್ಷನ್’ ಎಂಬ ಶಬ್ದವೊಂದುಂಟು. ಗಮನಭಂಗ, ಚಿತ್ತಚಾಂಚಲ್ಯ ಎಂದು ನಾವು ಅದಕ್ಕೆ ಅರ್ಥ ಹೇಳುತ್ತೇವೆ. ಅರ್ಥವು ಸರಿಯೇ, ಆದರೆ ಶಬ್ದದೊಳಗೆ ಅಡಗಿರುವ ಚಿತ್ರವು ಅದರಿಂದ ತಿಳಿಯದು. ಆ ಚಿತ್ರವನ್ನು ಕಾಣಬೇಕಾದರೆ ಹೂವಿನ ಹಿಪ್ಪರಗಿಯಂಥ ಊರಿನ ಹೊಲಗಳತ್ತ ನೋಡಿದರೆ ಸಾಕು.

ಹೊಲವನ್ನು ಉಳುವ ಟ್ರ್ಯಾಕ್ಟರು ಈ ಶಬ್ದದ ಸಮೀಪದ ಬಂಧು. ಲ್ಯಾಟಿನ್ ಭಾಷೆಯ ‘ಟ್ರಾಹೆರೆ’ ಎಂದರೆ ಎಳೆಯುವುದು. ಎಳೆಯುವ ಯಂತ್ರವು ಟ್ರ್ಯಾಕ್ಟರ್. ತನ್ನತ್ತ ಎಳೆದುಕೊಳ್ಳುವುದು ‘ಅಟ್ರ್ಯಾಕ್ಷನ್’. ಬೇರೆಡೆಗೆ, ಬೇರೆ ಬೇರೆಯಾಗಿ ಎಳೆಯುವುದು ‘ಡಿಸ್ಟ್ರ್ಯಾಕ್ಷನ್’. ನಮ್ಮಲ್ಲಿಯೂ ಇಂಥದೊಂದು ಬಳಗವಿದೆ. ಸಂಸ್ಕೃತದ ‘ಕೃಷ್’ ಧಾತುವಿಗೆ ಎಳೆ, ಉಳು ಎಂಬ ಎರಡೂ ಅರ್ಥಗಳುಂಟು; ಕೃಷಿ, ಆಕರ್ಷಣೆ ಎಂಬ ಶಬ್ದಗಳು ಅದರಿಂದಲೇ ಹುಟ್ಟಿದವು.

ಎಳೆತವು ಒಂದು ಬಲ. ಬಲಕ್ಕೆ ಪರಿಮಾಣದಂತೆ ದಿಕ್ಕೂ ಉಂಟು. ಎರಡು ಎತ್ತುಗಳು ತಲಾ 500 ನ್ಯೂಟನ್ ಬಲದಿಂದ ಒಂದೇ ದಿಕ್ಕಿಗೆ ಎಳೆದರೆ ಫಲಿತಬಲವು 1000 ನ್ಯೂಟನ್. ಅವುಗಳ ದಿಕ್ಕುಗಳ ನಡುವೆ 60 ಡಿಗ್ರಿ ಕೋನವಿದ್ದರೆ ಅದು ಸುಮಾರು 866ಕ್ಕೆ ಇಳಿಯುತ್ತದೆ. ಕೋನವು 120 ಡಿಗ್ರಿಯಾದರೆ ಕೇವಲ 500. ಅಂದರೆ ಎರಡು ಎತ್ತು ದುಡಿದರೂ ಒಂದರ ಫಲವಷ್ಟೇ ದೊರೆಯಿತು. ವಿರುದ್ಧ ದಿಕ್ಕಿಗೆ ಎಳೆದರೆ ಸೊನ್ನೆ. ಎತ್ತುಗಳ ಶಕ್ತಿಯೇನೂ ಕುಂದಲಿಲ್ಲ. ದಿಕ್ಕು ಒಡೆಯಿತು, ಅಷ್ಟೆ. ಮನಸ್ಸನ್ನು ಹೀಗೆ ನ್ಯೂಟನ್‌ಗಳಲ್ಲಿ ಅಳೆಯಲಾಗದು. ಇದು ಹೋಲಿಕೆ ಮಾತ್ರ. ಆದರೆ ಶಬ್ದವು ಹೇಳುವುದು ಇದನ್ನೇ.

ಇನ್ನು ಪ್ರಯೋಗದ ವಿಚಾರ. ‘ಡಿಸ್ಟ್ರ್ಯಾಕ್ಟೆಡ್’ ಎಂಬುದರ ಮುಂದೆ ‘ಬೈ’ ಬಂದರೆ ಎಳೆದದ್ದು ಯಾವುದೆಂದು ತಿಳಿಯುತ್ತದೆ; ‘ಫ್ರಮ್’ ಬಂದರೆ ಯಾವುದರಿಂದ ಎಳೆಯಲಾಯಿತೆಂದು ತಿಳಿಯುತ್ತದೆ. ಗದ್ದಲದಿಂದಾಗಿ ಓದಿನಿಂದ ಮನಸ್ಸು ಸರಿಯಿತು ಎನ್ನುವಾಗ ಗದ್ದಲಕ್ಕೆ ‘ಬೈ’, ಓದಿಗೆ ‘ಫ್ರಮ್’. ಮನರಂಜನೆ ಎಂಬ ಅರ್ಥದಲ್ಲಿಯೂ ಈ ಶಬ್ದವನ್ನು ಬಳಸುವುದುಂಟು. ಹಿಂದೆ ಇದಕ್ಕೆ ಬುದ್ಧಿಭ್ರಮಣೆ ಎಂಬ ಅರ್ಥವೂ ಇತ್ತು. ‘ಡ್ರಿವನ್ ಟು ಡಿಸ್ಟ್ರ್ಯಾಕ್ಷನ್’ ಎಂಬ ನುಡಿಗಟ್ಟಿನಲ್ಲಿ ಅದರ ಛಾಯೆ ಉಳಿದಿದೆ.

ಪತಂಜಲಿಯ ಯೋಗಸೂತ್ರಗಳಲ್ಲಿ ಬರುವ ‘ಚಿತ್ತವಿಕ್ಷೇಪ’ವು ಇದಕ್ಕೆ ಹತ್ತಿರದ ಮಾತಾದರೂ ಪೂರ್ಣ ಸಮಾನವಲ್ಲ. ಅಲ್ಲಿ ಹೇಳಿದ ಒಂಬತ್ತು ವಿಘ್ನಗಳಲ್ಲಿ ವ್ಯಾಧಿ, ಸಂಶಯ, ಆಲಸ್ಯಗಳು ಸೇರಿವೆ; ಇವು ಒಳಗಿನವು. ಇಂಗ್ಲಿಷ್ ಶಬ್ದವಾದರೋ ಹೆಚ್ಚಾಗಿ ಹೊರಗಿನಿಂದ ಎಳೆಯುವುದನ್ನು ಸೂಚಿಸುತ್ತದೆ.

ಹೊರಗಿನ ಎಳೆತಕ್ಕೆ ಎಷ್ಟು ಅಲ್ಪ ಕಾರಣ ಸಾಕೆಂಬುದನ್ನು 2015ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಅಮೆರಿಕದ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು, ಏಕಾಗ್ರತೆ ಬೇಡುವ ಕೆಲಸದಲ್ಲಿ ತೊಡಗಿದ್ದವರ ಮೊಬೈಲಿಗೆ ಕರೆಯನ್ನೋ ಸಂದೇಶವನ್ನೋ ಕಳಿಸಿದರು. ಮೊಬೈಲನ್ನು ಕೈಗೆತ್ತಿಕೊಳ್ಳದಿದ್ದರೂ, ಸೂಚನೆ ಬಂದ ಮಾತ್ರಕ್ಕೆ ಅವರ ತಪ್ಪುಗಳು ಹೆಚ್ಚಿದವು. ಕೈ ಅಲುಗದೆಯೇ ಮನಸ್ಸು ಎಳೆಯಲ್ಪಟ್ಟಿತು.

ಓದಲು ಕುಳಿತು ಪುಟ ಮುಂದೆ ಸಾಗದಿದ್ದಾಗ ತಮಗೆ ಬುದ್ಧಿಯೇ ಸಾಲದೆಂದು ಹಲವು ವಿದ್ಯಾರ್ಥಿಗಳು ಕೈಚೆಲ್ಲುತ್ತಾರೆ. ಹಾಗೆ ತೀರ್ಮಾನಿಸುವ ಮೊದಲು ‘ಬೈ’ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು ಒಳ್ಳೆಯದು: ಎಳೆಯುತ್ತಿರುವುದು ಯಾವುದು? ಅದು ಮೇಜಿನ ಮೇಲಿನ ಮೊಬೈಲಾಗಿದ್ದರೆ, ಸದ್ದಡಗಿಸಿ ಒಂದು ತಾಸು ಬೇರೆ ಕೋಣೆಯಲ್ಲಿರಿಸಿ, ಅದೇ ಪುಟವನ್ನು ಮತ್ತೊಮ್ಮೆ ಓದಿ ನೋಡಬಹುದು.