ಜೀರ್ಣೋದ್ಧಾರವೂ ರಂಗಭೋಗವೂ: ಗ್ರಾಮರಂಗದ ಪುನಶ್ಚೇತನವನ್ನು ಕುರಿತು

ಗ್ರಾಮೀಣ ಪ್ರದರ್ಶನಕಲೆಗಳ ಪುನಶ್ಚೇತನವನ್ನು ಕುರಿತು ಹೊರನಾಡಿನ ವಿಶ್ವವಿದ್ಯಾನಿಲಯಗಳಲ್ಲಿ ಸಿದ್ಧವಾಗುವ ಪ್ರಬಂಧಗಳಲ್ಲಿ ಒಂದು ಸಾಮಾನ್ಯ ಕ್ರಮವನ್ನು ನಾವು ಗಮನಿಸಿದ್ದೇವೆ. ಮೊದಲು ಕಲೆಯ ಪ್ರಾಚೀನತೆ, ಅನಂತರ ಅದರ ಅವನತಿ, ಕೊನೆಗೆ ಅನುದಾನ ಮತ್ತು ರಂಗಮಂದಿರದ ನಿರ್ಮಾಣ. ಈ ಕ್ರಮದಲ್ಲಿ ಕಟ್ಟಡವೇ ಪುನಶ್ಚೇತನದ ಪ್ರಮಾಣವಾಗಿಬಿಡುತ್ತದೆ. ಆದರೆ ಕ್ಷೇತ್ರಕಾರ್ಯದಲ್ಲಿ ನಾವು ಕಂಡ ಹಳ್ಳಿಗಳ ರಂಗಮಂದಿರಗಳಲ್ಲಿ ವರ್ಷದ ಬಹುಭಾಗ ಬೀಗ ಹಾಕಿಕೊಂಡಿದ್ದವು ಕಡಿಮೆಯಲ್ಲ. ಒಂದೆಡೆ ವೇದಿಕೆಯ ಮೇಲೆ ಗೊಬ್ಬರದ ಚೀಲಗಳಿದ್ದವು. ಮತ್ತೊಂದೆಡೆ ಮದುವೆಯ ಹಂಡೆ ಕೊಪ್ಪರಿಗೆಗಳು. ಅದೇ ಊರಿನ ಕಲಾವಿದರು ಕೂಲಿಗೆ ಹೋಗಿದ್ದರು.

ನಮ್ಮ ವ್ಯಾಸಂಗ ಮಧ್ಯಕಾಲೀನ ಸಾಹಿತ್ಯದ್ದಾದುದರಿಂದ ಶಾಸನಗಳಿಂದ ಆರಂಭಿಸುವ ನಮ್ಮ ಅಭ್ಯಾಸವನ್ನು ಓದುಗರು ಮನ್ನಿಸಬೇಕು. ದೇವಾಲಯಗಳಿಗೆ ದತ್ತಿ ಬಿಟ್ಟ ಕನ್ನಡ ಶಾಸನಗಳಲ್ಲಿ ಎರಡು ಮಾತುಗಳು ಮತ್ತೆ ಮತ್ತೆ ಬರುತ್ತವೆ. ಒಂದು, ‘ಖಂಡಸ್ಫುಟಿತ ಜೀರ್ಣೋದ್ಧಾರ’. ಎಂದರೆ ಒಡೆದು ಬಿರುಕು ಬಿಟ್ಟ ಕಟ್ಟಡದ ದುರಸ್ತಿ. ಇನ್ನೊಂದು, ‘ಅಂಗಭೋಗ ರಂಗಭೋಗ’. ಇದರ ಉತ್ತರಾರ್ಧಕ್ಕೆ ದೇವರ ಮುಂದೆ ನಡೆಯುವ ನೃತ್ಯಗೀತವಾದ್ಯಗಳ ವೆಚ್ಚವೂ ಸೇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸಿದುದು ಲಿಪಿಕಾರನ ಶಬ್ದಾಡಂಬರವೆಂದು ನಮಗೆ ತೋರುವುದಿಲ್ಲ. ಗೋಡೆ ನಿಂತ ಮಾತ್ರಕ್ಕೆ ಆಟ ನಡೆಯದು ಎಂಬ ತಿಳಿವಳಿಕೆ ದತ್ತಿ ಕೊಟ್ಟವನಿಗಿತ್ತು.

ಈ ತಿಳಿವಳಿಕೆಯ ಅತಿ ವಿವರವಾದ ದಾಖಲೆ ತಮಿಳುನಾಡಿನಲ್ಲಿದೆ. ತಂಜಾವೂರಿನ ಬೃಹದೀಶ್ವರ ದೇವಾಲಯದಲ್ಲಿರುವ ರಾಜರಾಜ ಚೋಳನ ಶಾಸನವೊಂದು, 11ನೆಯ ಶತಮಾನದ ಆರಂಭದಲ್ಲಿ, ನಾಡಿನ ಬೇರೆ ಬೇರೆ ದೇವಾಲಯಗಳಿಂದ 400 ಮಂದಿ ನರ್ತಕಿಯರನ್ನು ಕರೆತಂದು ನೆಲೆಗೊಳಿಸಿದುದನ್ನು ಹೇಳುತ್ತದೆ. ಒಬ್ಬೊಬ್ಬಳಿಗೂ ಒಂದು ಮನೆ, ವರ್ಷಕ್ಕೆ 100 ಕಲಂ ಭತ್ತದ ಒಂದು ಪಾಲು. ಅವಳು ತೀರಿಕೊಂಡರೆ ಅಥವಾ ಊರು ಬಿಟ್ಟರೆ ಹತ್ತಿರದ ಬಂಧು ಆ ಪಾಲನ್ನು ಪಡೆದು ಸೇವೆ ನಡೆಸಬೇಕು. ಆ ಬಂಧುವಿಗೆ ಯೋಗ್ಯತೆ ಇಲ್ಲದಿದ್ದರೆ ಯೋಗ್ಯರನ್ನು ಆರಿಸಬೇಕು. ಕಲಾವಿದೆಯ ಮರಣಾನಂತರ ಕಲೆಯ ಗತಿಯೇನು ಎಂಬ ಪ್ರಶ್ನೆಗೆ ಇಷ್ಟು ಖಚಿತವಾದ ಉತ್ತರವನ್ನು ಇಂದಿನ ಅನುದಾನದ ಆದೇಶಗಳಲ್ಲಿ ನಾವು ಕಂಡಿಲ್ಲ. ಆ ವ್ಯವಸ್ಥೆಯೊಳಗಿದ್ದ ಬಂಧನವನ್ನು ನಾವು ಮರೆಮಾಚುವುದಿಲ್ಲ. ಇಲ್ಲಿ ನೋಡಬೇಕಾದುದು ಅದರ ಆರ್ಥಿಕ ಮುಂದಾಲೋಚನೆಯನ್ನು ಮಾತ್ರ.

ಅರಸರ ದತ್ತಿಯಿಲ್ಲದ ಕಾಲದಲ್ಲಿ ರಂಗಭೋಗವನ್ನು ಊರೇ ಒದಗಿಸಿಕೊಂಡ ನಿದರ್ಶನವಾಗಿ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹೆಗ್ಗೋಡನ್ನು ಪರಿಶೀಲಿಸಬಹುದು. ಅಡಕೆ ತೋಟಗಳ ನಡುವಿನ ಈ ಸಣ್ಣ ಊರಿನಲ್ಲಿ 1949ರಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿತು. ಅದೇ ಮುಂದೆ ‘ನೀನಾಸಂ’ ಎಂದು ಪ್ರಸಿದ್ಧವಾಯಿತು. ಅದಕ್ಕೆ ಜೀವ ಕೊಟ್ಟ ಕೆ.ವಿ. ಸುಬ್ಬಣ್ಣ (1932–2005) ಆಗ ಹದಿಹರೆಯದವರು. ಸಂಘದ ಹೆಸರಿನಲ್ಲಿರುವ ‘ಸೇವಾ’ ಎಂಬ ಪದವನ್ನು ಸಂಶೋಧಕರು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಊರದೇವರ ಹೆಸರಿನಲ್ಲಿ ನಾಟಕವಾಡುವುದೆಂದರೆ ಅದು ಊರಿನ ಹೊಣೆ ಎಂದರ್ಥ. ಹವ್ಯಾಸಿಗಳ ಖಾಸಗಿ ವಿನೋದವಾಗಿ ಅದು ಉಳಿಯದು.

ಸಂಘದ ರಂಗಮಂದಿರ, ಶಿವರಾಮ ಕಾರಂತರ ಹೆಸರನ್ನು ಹೊತ್ತದ್ದು, ಎದ್ದು ನಿಂತದ್ದು 1970ರ ದಶಕದ ಆರಂಭದಲ್ಲಿ. ಅಂದರೆ ಸಂಘ ಮತ್ತು ಕಟ್ಟಡದ ನಡುವೆ ಎರಡು ದಶಕಗಳಿಗೂ ಮಿಕ್ಕ ಅಂತರವಿದೆ. ಕಟ್ಟಡ ಬಂದಾಗ ಅದರೊಳಗೆ ಕೂರುವ ಜನ ಆಗಲೇ ಇದ್ದರು. ಅನಂತರವೂ ಸಂಘ ಕೈಹಾಕಿದ್ದು ಪ್ರೇಕ್ಷಕನನ್ನು ಬೆಳೆಸುವ ಕೆಲಸಕ್ಕೇ. 1973ರಲ್ಲಿ ನೀನಾಸಂ ಚಿತ್ರಸಮಾಜ ಆರಂಭವಾಗಿ ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಮೊದಲಾದವರ ಚಿತ್ರಗಳು ತೋಟದ ಕೆಲಸ ಮುಗಿಸಿ ಬಂದವರ ಕಣ್ಣಿಗೆ ಬಿದ್ದವು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅವರ ನೆರವಿನಿಂದ ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದವು. ‘ರಾಶೋಮಾನ್’ನಂಥ ಚಿತ್ರ ಹಳ್ಳಿಗರಿಗೆ ಅರ್ಥವಾಗುವುದೇ ಎಂದು ಪೇಟೆಯವರು ಕೇಳುವ ಪ್ರಶ್ನೆ ನಮಗೆ ತುಸು ವಿಚಿತ್ರವಾಗಿ ಕಾಣುತ್ತದೆ. ಒಂದೇ ಪ್ರಸಂಗವನ್ನು ಭೀಮನ ಮಾತಿನಲ್ಲೊಮ್ಮೆ, ಕೌರವನ ಮಾತಿನಲ್ಲೊಮ್ಮೆ ತಾಳಮದ್ದಳೆಯಲ್ಲಿ ಕೇಳಿ ತೂಗಿ ನೋಡಿದವರಿಗೆ ಒಂದು ಘಟನೆಗೆ ನಾಲ್ಕು ನಿರೂಪಣೆಗಳಿರುವುದು ಹೊಸತೇನಲ್ಲ.

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ, 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕತಂಡ ಆರಂಭವಾದವು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂದ ಮೇಲೆ ಹೊರನಾಡಿನವರ ದೃಷ್ಟಿ ಅತ್ತ ಹರಿಯಿತು. ಆದರೆ ಪ್ರಶಸ್ತಿಗಿಂತ ಈ ಹೆಸರು ನಮಗೆ ಹೆಚ್ಚು ಮುಖ್ಯ. ಕರಾವಳಿ ಮಲೆನಾಡುಗಳ ಯಕ್ಷಗಾನ ಮೇಳಗಳು ತಮ್ಮ ವಾರ್ಷಿಕ ಸಂಚಾರಕ್ಕೆ ಬಹುಕಾಲದಿಂದ ಬಳಸುತ್ತ ಬಂದ ಮಾತೂ ‘ತಿರುಗಾಟ’ವೇ. ಶೇಕ್ಸ್‌ಪಿಯರನನ್ನೂ ಕಾಳಿದಾಸನನ್ನೂ ಆಡುವ ಆಧುನಿಕ ತಂಡವೊಂದು ಮೇಳದ ಪದವನ್ನು ಎತ್ತಿಕೊಂಡಿತು. ಪದದೊಡನೆ ಮೇಳದ ಆರ್ಥಿಕ ಕ್ರಮದ ತಿರುಳೂ ಬಂದಿತು. ಮಳೆ ಕಳೆದ ಮೇಲೆ ತಂಡ ಹೊರಡುತ್ತದೆ. ಪ್ರತಿ ಊರಿನಲ್ಲೂ ಆಟವನ್ನು ‘ಆಡಿಸುವ’ ಒಂದು ಸಂಘವೋ ಶಾಲೆಯೋ ಗೆಳೆಯರ ಬಳಗವೋ ಇದ್ದು, ತಂಡದ ಊಟ ವಸತಿ, ಸಂಭಾವನೆ, ಜನರನ್ನು ಕೂಡಿಸುವ ಕೆಲಸ ಅವರ ಪಾಲಿಗೆ ಬರುತ್ತದೆ. ‘ಆಡುವವರು’ ಮತ್ತು ‘ಆಡಿಸುವವರು’ ಎಂಬ ಈ ಜೋಡಿಯಲ್ಲಿ ಎರಡನೆಯವರನ್ನು ಕುರಿತ ಅಧ್ಯಯನ ತೀರ ವಿರಳ.

ಮೇಳದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಪ್ರದೇಶಗಳಲ್ಲಿ ಮೇಳಗಳು ದೀಪಾವಳಿಯ ಆಸುಪಾಸಿನಲ್ಲಿ ಹೊರಟು, ಮೇ ತಿಂಗಳ ಕೊನೆಯ ಭಾಗದ ‘ಪತ್ತನಾಜೆ’ಯಂದು ಗೆಜ್ಜೆ ಬಿಚ್ಚುತ್ತವೆ. ಕೊಯ್ಲಾದ ಗದ್ದೆಯೇ ರಂಗಭೂಮಿ. ಅಲ್ಲಿ ಒಂದು ರಾತ್ರಿಯ ಮಟ್ಟಿಗೆ ರಂಗಸ್ಥಳ ಮತ್ತು ಚೌಕಿ ಏಳುತ್ತವೆ, ಬೆಳಗಾದರೆ ಇಲ್ಲ. 20ನೆಯ ಶತಮಾನದ ನಡುಭಾಗದಲ್ಲಿ ಟಿಕೆಟ್ಟಿನ ಡೇರೆ ಮೇಳಗಳು ಪ್ರಬಲವಾಗಿದ್ದವು. ಕುರ್ಚಿ, ದೀಪ, ಜಾಹೀರಾತು ಎಲ್ಲವೂ ಇದ್ದ ಅವುಗಳಲ್ಲಿ ಬಹುಪಾಲು ಮುಂದೆ ನಿಂತುಹೋದವು. ಒಂದು ಕುಟುಂಬವೋ ಊರೋ ಹರಕೆ ಹೊತ್ತು ಖರ್ಚು ವಹಿಸಿ, ಬಂದವರಿಗೆಲ್ಲ ಉಚಿತವಾಗಿ ತೋರಿಸುವ ಬಯಲಾಟದ ಮೇಳಗಳು ಮಾತ್ರ ಬೆಳೆದವು. ಕಟೀಲಿನ ಮೇಳಗಳಲ್ಲಿ ಹರಕೆಯ ಆಟಕ್ಕೆ ವರ್ಷಗಟ್ಟಲೆ ಕಾಯಬೇಕು. ಡೇರೆಯ ಪ್ರೇಕ್ಷಕ ಒಂದು ವರ್ಷ ಬಾರದಿದ್ದರೆ ಮೇಳ ಸೋಲುತ್ತದೆ. ಹರಕೆಯ ಆಟಕ್ಕೆ ಖರ್ಚು ಮೊದಲೇ ಒದಗಿರುತ್ತದೆ. ಭಕ್ತಿಯಿಂದಲೇ ಎಲ್ಲವೂ ನಡೆಯಿತೆಂದು ಹೇಳುವವರು ಈ ಲೆಕ್ಕವನ್ನೂ ನೋಡಬೇಕು. ಹರಕೆಯ ಏರ್ಪಾಡು ಪ್ರಸಂಗಗಳ ಆಯ್ಕೆಯನ್ನು ಕಿರಿದುಗೊಳಿಸಿತೆಂಬ ಆಕ್ಷೇಪದಲ್ಲಿಯೂ ಹುರುಳಿದೆ. ಇಂದು ಕಾಲಮಿತಿಯ ಪ್ರದರ್ಶನಗಳು ಹೆಚ್ಚುತ್ತಿರುವಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ.

ಚೆನ್ನೈಯ ಸಂಶೋಧಕರಿಗೆ ಹತ್ತಿರದ ನಿದರ್ಶನವೆಂದರೆ ತಂಜಾವೂರು ಜಿಲ್ಲೆಯ ಮೇಲಟ್ಟೂರಿನ ಭಾಗವತಮೇಳ. ತಮಿಳು ಊರಿನಲ್ಲಿ ತೆಲುಗು ನಾಟಕ; ಪಾತ್ರಧಾರಿಗಳೆಲ್ಲ ಗಂಡಸರು; ಕಾಲ ನರಸಿಂಹ ಜಯಂತಿ. ನೌಕರಿಗಾಗಿ ನಗರಗಳಿಗೆ ಹೋದ ಕುಟುಂಬಗಳವರು ಆ ದಿನಗಳಿಗೆ ಊರಿಗೆ ಮರಳಿ ಬಣ್ಣ ಹಚ್ಚುತ್ತಾರೆ. ಅಲ್ಲಿ ಕಲೆಯನ್ನು ಕಾಯುತ್ತಿರುವುದು ಪಂಚಾಂಗದ ಒಂದು ತಿಥಿ.

ಕನ್ನಡ ನಾಡಿನೊಳಗೆ ಹೆಗ್ಗೋಡಿನ ಮಾದರಿ ಇನ್ನೊಂದೆಡೆ ಬೇರೂರಿದ್ದನ್ನೂ ಹೇಳಬೇಕು. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ‘ಶಿವಸಂಚಾರ’ ತಂಡವನ್ನು ಆರಂಭಿಸಿದರು. ಅಡಕೆ ತೋಟದ ಶ್ರೀಮಂತಿಕೆ, ಮಲೆನಾಡಿನ ಓದಿನ ಹವ್ಯಾಸ ಇವುಗಳಿಂದಲೇ ಹೆಗ್ಗೋಡು ಸಾಧ್ಯವಾಯಿತೆಂಬ ಆಕ್ಷೇಪಕ್ಕೆ ಬಯಲುಸೀಮೆಯ ಈ ಹಳ್ಳಿ ಭಾಗಶಃ ಉತ್ತರವಾಗಿದೆ. ಭಾಗಶಃ ಎಂದೆವು, ಏಕೆಂದರೆ ಇಲ್ಲಿ ಆಶ್ರಯವಾಗಿ ಮಠವಿದೆ. ಮಠವೂ ಇಲ್ಲದ, ತೋಟವೂ ಇಲ್ಲದ ಊರಿನಲ್ಲಿ ಆಡಿಸುವವರು ಯಾರು ಎಂಬ ಪ್ರಶ್ನೆ ಉಳಿದೇ ಇದೆ. ಸಾರ್ವಜನಿಕ ಹಣ ಹೋಗಬೇಕಾದುದು ಅಂಥ ಊರುಗಳಿಗೆ. ಹೋಗುವಾಗ ಸಿಮೆಂಟಿಗೆ ಒಂದು ಪಾಲಾದರೆ ಭಾಗವತನ ಶಿಷ್ಯನಿಗೂ ಒಂದು ಪಾಲು ಇರಬೇಕೆಂಬುದು ನಮ್ಮ ಅಭಿಪ್ರಾಯ.

ಇಂಥ ಅಧ್ಯಯನಕ್ಕೆ ಹೊರಡುವವರು ಊರಿನಲ್ಲಿ ಮೊದಲು ಕೇಳಬೇಕಾದುದು ಎರಡು ವಸ್ತುಗಳನ್ನು: ಆಟ ಯಾವ ತಿಥಿಗೆ ನಡೆಯುತ್ತದೆಂದು ತಿಳಿಸುವ ಪಂಚಾಂಗ, ಮತ್ತು ಆಡಿಸಿದವರ ಜಮಾಖರ್ಚಿನ ಪುಸ್ತಕ. ಎರಡನೆಯದು ಸಿಗುವುದು ಕಷ್ಟ. ಯಜಮಾನರು ತೀರಿಕೊಂಡ ವರ್ಷವೇ ಅದು ರದ್ದಿಗೆ ಹೋಗುತ್ತದೆ. ಮುಂಬಯಿಯ ಸಂಶೋಧಕರಂತೂ ಇದಕ್ಕಾಗಿ ಊರಿಗೆ ಹೋಗಲೇಬೇಕೆಂದಿಲ್ಲ. ಪತ್ತನಾಜೆ ಕಳೆದು ಗದ್ದೆಯಲ್ಲಿ ನೀರು ನಿಂತಾಗ ಊರಿನ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಅಲ್ಲಿ ಸಭಾಂಗಣಗಳಲ್ಲಿ ಆಟ ಆಡಿಸುವವರು ಕರಾವಳಿಯಿಂದ ಹೋಗಿ ನೆಲೆಸಿದ ಕನ್ನಡಿಗರು, ತುಳುವರು. ಕರಪತ್ರಗಳು ಕೆಲವರಲ್ಲಿ ಉಳಿದಿರಬಹುದು. ಯಾವ ವರ್ಷ, ಯಾವ ಪ್ರಸಂಗ, ಯಾರ ಖರ್ಚಿನಲ್ಲಿ ನಡೆಯಿತೆಂಬುದನ್ನು ಆಡಿಸಿದ ಹಿರಿಯರು ಬಾಯಲ್ಲಿಯಾದರೂ ಹೇಳಬಲ್ಲರು, ಅವರು ಇರುವಾಗಲೇ ಹೋಗಿ ಕೇಳಿದರೆ.