ಡಬ್ಬಿಯ ಮೇಲಿನ ಪುಟ್ಟ ಅಲೆ

ಒಂದು ಬ್ಯಾಟರಿಯಲ್ಲಿ 9.8 ವೋಲ್ಟ್, ಅದರ ಮಗ್ಗುಲಿನದರಲ್ಲಿ 3.6. ಎರಡನ್ನೂ ಒಂದೇ ದಿನ ಕೊಂಡದ್ದು, ಒಂದೇ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಕೂರಿಸಿದ್ದು. ಉಮರೇಡಿನ ಪೇಟೆಯ ಗಲ್ಲಿಯೊಂದರ ರಿಪೇರಿ ಅಂಗಡಿಯಲ್ಲಿ ಕಾಕಾ ಮಲ್ಟಿಮೀಟರಿನ ಕಡ್ಡಿಗಳನ್ನು ಎತ್ತಿಟ್ಟು, "ಅಡಾಪ್ಟರ್ ತಂದಿದ್ದೀಯೇನು ಬೇಟಾ?" ಎಂದು ಹಿಂದಿಯಲ್ಲಿ ಕೇಳಿದರು. ಚೀಲದಿಂದ ತೆಗೆದುಕೊಟ್ಟೆ. ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಿದರು. ಬೆರಳಿನಿಂದ ಒಂದು ಕಡೆ ತೋರಿಸಿದರು. ಉದ್ದ ಗೆರೆ, ಅದರ ಕೆಳಗೆ ಮೂರು ತುಂಡು ಗೆರೆ. "ಇದು ಡಿ.ಸಿ. ನಿನ್ನ ಯಂತ್ರ ಕೇಳುತ್ತಿರುವುದು ಎ.ಸಿ."

ಯಂತ್ರ, ಅಂದರೆ ಹೆಡ್‌ಫೋನ್ ಆಂಪ್ಲಿಫೈಯರ್, ನನ್ನದಲ್ಲ, ಭಾವನದು. ನಾಗಪುರದಿಂದ ಸುಮಾರು 50 ಕಿಲೋಮೀಟರ್ ದೂರದ ಉಮರೇಡಿನಲ್ಲಿ ಕಲ್ಲಿದ್ದಲು ಗಣಿಯ ಸರ್ವೇ ವಿಭಾಗದಲ್ಲಿ ಅವನಿಗೆ ಕೆಲಸ. ಅಕ್ಕ-ಭಾವ ವಿಜಯಪುರ ಬಿಟ್ಟು ಅಲ್ಲಿಯ ಕಾಲನಿಗೆ ಹೋಗಿ ವರ್ಷಗಳಾದವು. ಹುಲಿ ನೋಡುವ ಆಸೆಯಿಂದ ಉಮರೇಡ್-ಕರ್ಹಾಂಡ್ಲಾ ಅಭಯಾರಣ್ಯಕ್ಕೆಂದು ಹೋದವನು ನಾನು. ಕೊನೆಗೆ ಎರಡು ದಿನ ಕಳೆದದ್ದು ಈ ಅಂಗಡಿಯ ಸ್ಟೂಲಿನ ಮೇಲೆ. ಅದಕ್ಕೆ ಕಾರಣ ಭಾವನ ಒಂದು ಮಾತು. "ಹಗಲೆಲ್ಲ ಡಂಪರ್ ಸಪ್ಪಳ ಕೇಳ್ತೀನಿ. ರಾತ್ರಿ ಹುಡುಗರು ಮಲಗಿದ ಮ್ಯಾಲ ಒಂದು ತಾಸು ಮನಸೂರ ಬುವಾರ ದನಿ ಕೇಳಬೇಕಂದ್ರ ಅದೂ ಒಡೀತದ ನೋಡು."

ಮಲ್ಲಿಕಾರ್ಜುನ ಮನಸೂರರ ಶಿವಮತ್ ಭೈರವ ಅದು. ನಾನೂ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಮಂದ್ರದಲ್ಲಿ, ಮಧ್ಯದಲ್ಲಿ ಏನೂ ತೊಂದರೆಯಿಲ್ಲ. ತಾನ್ ಮೇಲೇರಿ ದನಿ ತುಂಬುವ ಹೊತ್ತಿಗೆ ಅಂಚು ಹರಿದಂತೆ ಕರಕರ. ಇನ್ನೊಂದು ಹತ್ತು ನಿಮಿಷಕ್ಕೆ ಗಪ್ಪೆಂದು ಎಲ್ಲ ನಿಂತುಹೋಯಿತು. ಹೆಡ್‌ಫೋನ್ ಕೆಟ್ಟಿದೆ ಎಂದುಕೊಂಡು ಭಾವ ಆಗಲೇ ಹೊಸದೊಂದನ್ನು ತರಿಸಿದ್ದ. ಅದರಲ್ಲೂ ಅದೇ ಕಥೆ.

ಆ ಆಂಪ್ಲಿಫೈಯರ್ ಯಾವುದೆಂದು ತಿಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಓ2. ಪೂರ್ತಿ ಹೆಸರು ಆಬ್ಜೆಕ್ಟಿವ್2. 2011ರಲ್ಲಿ ಎನ್‌ಡಬ್ಲ್ಯೂಎವಿಗೈ ಎಂಬ ಗುಪ್ತನಾಮದ ಎಂಜಿನಿಯರೊಬ್ಬ ಇದನ್ನು ವಿನ್ಯಾಸ ಮಾಡಿ, ನಕ್ಷೆ, ಬಿಡಿಭಾಗಗಳ ಪಟ್ಟಿ, ಅಳತೆಗಳ ಸಮೇತ ಜಗತ್ತಿಗೆ ಪುಕ್ಕಟೆ ಕೊಟ್ಟ. ಸಾವಿರಾರು ಡಾಲರಿನ ಪೆಟ್ಟಿಗೆಗಳು ಮಾಡುವ ಕೆಲಸವನ್ನು ಅಂಗಡಿಯಲ್ಲಿ ಸಿಗುವ ಸಾಮಾನ್ಯ ಚಿಪ್‌ಗಳಿಂದಲೇ ಮಾಡಬಹುದು ಎಂಬುದು ಅವನ ವಾದ. ಅದನ್ನು ಕಿವಿಯ ಬಣ್ಣನೆಯಿಂದ ಹೇಳದೆ ಉಪಕರಣದ ಅಳತೆಯಿಂದ ತೋರಿಸಿದ. 2012ರ ಮಧ್ಯಭಾಗದಿಂದ ಅವನ ಸದ್ದಿಲ್ಲ. ಇವತ್ತಿಗೂ ಅವನು ಯಾರೆಂಬುದು ಬಹಿರಂಗವಾಗಿಲ್ಲ. ಹೆಸರು, ಹಣ ಎರಡನ್ನೂ ಬೇಡವೆಂದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ. ಅವನ ನಕ್ಷೆಯಿಂದ ಹುಟ್ಟಿದ ಒಂದು ಪೆಟ್ಟಿಗೆ, ಯಾರ ಕೈಯಿಂದ ಯಾರ ಕೈಗೋ ದಾಟಿ, ಸಹೋದ್ಯೋಗಿಯೊಬ್ಬರಿಂದ ಭಾವನಿಗೆ ಸಿಕ್ಕಿತ್ತು. ಅಡಾಪ್ಟರ್ ಮಾತ್ರ ದಾರಿಯಲ್ಲೆಲ್ಲೋ ಕಳೆದಿತ್ತು.

ಓ2ದ ವಿಶೇಷವಿರುವುದೇ ಅಡಾಪ್ಟರಿನಲ್ಲಿ. ನಮ್ಮ ಮನೆಗಳಲ್ಲಿರುವ ಅಡಾಪ್ಟರುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಗೋಡೆಯಿಂದ ಎ.ಸಿ. ತಗೊಂಡು ಡಿ.ಸಿ. ಕೊಡುವಂಥವು. ಇದಕ್ಕೆ ಬೇಕಾದದ್ದು ಎ.ಸಿ. ತಗೊಂಡು ಎ.ಸಿ.ಯನ್ನೇ ಕೊಡುವ ಅಡಾಪ್ಟರ್. 230 ವೋಲ್ಟನ್ನು 15-16ಕ್ಕೆ ಇಳಿಸಿದರೆ ಸಾಕು, ಮತ್ತೇನೂ ಮಾಡಬಾರದು. ಅಂದರೆ ಡಬ್ಬಿಯೊಳಗೆ ಒಂದು ಟ್ರಾನ್ಸ್‌ಫಾರ್ಮರ್ ಬಿಟ್ಟು ಬೇರೇನೂ ಇರುವುದಿಲ್ಲ.

ಯಾಕೆ ಹೀಗೆ? ಮಜ್ಜಿಗೆ ಕಡೆಯುವ ಹಗ್ಗವನ್ನು ನೆನಪಿಸಿಕೊಳ್ಳಿ. ಒಮ್ಮೆ ಬಲಗೈ ಎಳೆಯುತ್ತದೆ, ಒಮ್ಮೆ ಎಡಗೈ. ನಮ್ಮ ಎ.ಸಿ. ಹೀಗೆ ಸೆಕೆಂಡಿಗೆ 50 ಸಲ ಹೋಗಿಬರುತ್ತದೆ. ಸಂಗೀತದ ಅಲೆಯೂ ಸೊನ್ನೆಯ ಮೇಲೆ, ಕೆಳಗೆ ಓಡಾಡುವಂಥದ್ದು. ಅದನ್ನು ಹೊರಲು ಆಂಪ್ಲಿಫೈಯರಿಗೆ ಪ್ಲಸ್ 12, ಮೈನಸ್ 12 ಎಂದು ಎರಡು ದಂಡೆ ಬೇಕು. ಓ2ದಲ್ಲಿ ಒಂದು ಡಯೋಡು ಬಲಗೈಯ ಎಳೆತವನ್ನು ಹಿಡಿದು ಪ್ಲಸ್ ಕಡೆ ತುಂಬುತ್ತದೆ, ಇನ್ನೊಂದು ಎಡಗೈಯದನ್ನು ಹಿಡಿದು ಮೈನಸ್ ಕಡೆ ತುಂಬುತ್ತದೆ. ಅಲ್ಲಿಂದ ಮುಂದೆ 7812, 7912 ಎಂಬ ಹಳೇ ರೆಗ್ಯುಲೇಟರುಗಳು. ಎರಡೇ ತಂತಿಯ ಅಡಾಪ್ಟರಿನಿಂದ ಎರಡು ದಂಡೆ! ಇಷ್ಟು ಸರಳವಾದ ಉಪಾಯ ಹೊಳೆಯುವುದಕ್ಕೆ ಎಷ್ಟು ಓದಿರಬೇಕು ಎಂದು ನಾನು ಇನ್ನೂ ಯೋಚಿಸುತ್ತೇನೆ.

ಅಲ್ಲಿಗೆ ಡಿ.ಸಿ. ಕೊಟ್ಟರೆ ಹಗ್ಗವನ್ನು ಒಂದೇ ಕೈ ಎಳೆದು ಹಿಡಿದಂತೆ. ಪೆಟ್ಟಿಗೆಯೊಳಗಿನ ಎರಡು ಬ್ಯಾಟರಿಗಳಲ್ಲಿ ಪ್ಲಸ್ ಕಡೆಯದು ದಿನವಿಡೀ ಚಾರ್ಜ್ ಆಗುತ್ತದೆ. ಮೈನಸ್ ಕಡೆಯದಕ್ಕೆ ತೊಟ್ಟೂ ಸಿಗುವುದಿಲ್ಲ, ಅದು ತನ್ನಲ್ಲಿದ್ದುದನ್ನು ಖರ್ಚು ಮಾಡುತ್ತಾ ಬತ್ತುತ್ತದೆ. ಅಲೆಯ ಕೆಳಭಾಗಕ್ಕೆ ಜಾಗ ಸಾಲದೆ ತಾರದಲ್ಲಿ ದನಿ ಒಡೆಯುತ್ತದೆ. ವೋಲ್ಟ್ ಇನ್ನೂ ಇಳಿದಾಗ ಒಳಗಿನ ಕಾವಲು ಸರ್ಕೀಟು ಎಲ್ಲವನ್ನೂ ಆರಿಸಿಬಿಡುತ್ತದೆ. 9.8 ಮತ್ತು 3.6ರ ರಹಸ್ಯ ಇದು.

ಭಾವನಿಗೆ ಅಡಾಪ್ಟರ್ ಮಾರಿದ ಅಂಗಡಿಯವನನ್ನು ನಾನು ಪೂರ್ತಿ ದೂರಲಾರೆ. ಭಾವ ಕೇಳಿದ್ದು "ಎ.ಸಿ. ಅಡಾಪ್ಟರ್" ಎಂದೇ. ಆದರೆ ಗೋಡೆಗೆ ಚುಚ್ಚುವ ಎಲ್ಲವನ್ನೂ ಪೇಟೆಯಲ್ಲಿ ಹಾಗೆಯೇ ಕರೆಯುತ್ತಾರೆ. ಟ್ರಾನ್ಸಿಸ್ಟರ್ ರೇಡಿಯೋದ ಕಾಲದಲ್ಲಿ ನಾವು "ಎಲಿಮಿನೇಟರ್" ಅನ್ನುತ್ತಿದ್ದೆವು. ಸೆಲ್ಲಿನ ಖರ್ಚು ಉಳಿಸುವುದು ಎಂಬರ್ಥದಲ್ಲಿ ಆ ಹೆಸರೇ ವಾಸಿ ಇತ್ತು. ಬೆಂಗಳೂರಿನ ರಾಡೆಲ್ ಕಂಪನಿ ಎಲೆಕ್ಟ್ರಾನಿಕ್ ತಂಬೂರಿ ತಂದ ಮೇಲೆ ಸಂಗೀತಗಾರರ ಚೀಲಗಳಲ್ಲೂ ಅಡಾಪ್ಟರ್ ಸೇರಿತು. ಯಾವುದೋ ಡಬ್ಬಿ ಚುಚ್ಚಿ ಶ್ರುತಿಯ ಜತೆ ಗುಂಯ್‌ಗುಟ್ಟುವಿಕೆ ಕೇಳಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಈ ಗೊಂದಲಕ್ಕೆಲ್ಲ ಉತ್ತರ ಡಬ್ಬಿಯ ಮೇಲೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಔಟ್‌ಪುಟ್ ಎಂಬಲ್ಲಿ ಸಂಖ್ಯೆಯ ಮುಂದೆ ಪುಟ್ಟ ಅಲೆ (~) ಇದ್ದರೆ ಎ.ಸಿ., ಗೆರೆಯ ಕೆಳಗೆ ತುಂಡು ಗೆರೆ ಇದ್ದರೆ ಡಿ.ಸಿ. ಡಿ.ಸಿ. ಆದರೆ ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬ ಚಿತ್ರವನ್ನೂ ನೋಡಬೇಕು. ಗಿಟಾರಿನವರ ಎಫೆಕ್ಟ್ ಪೆಡಲುಗಳ 9 ವೋಲ್ಟ್ ಅಡಾಪ್ಟರಿನಲ್ಲಿ ಸಾಮಾನ್ಯವಾಗಿ ನಡುವೆ ಮೈನಸ್ ಇರುತ್ತದೆ, ಅದನ್ನು ಬೇರೆ ಯಂತ್ರಕ್ಕೆ ಚುಚ್ಚಿದರೆ ಹೊಗೆಯೇ ಗತಿ. ವೋಲ್ಟ್ ಹೊಂದಲೇಬೇಕು. ಆಂಪಿಯರ್ ಮಾತ್ರ ಯಂತ್ರ ಕೇಳಿದ್ದಕ್ಕಿಂತ ಹೆಚ್ಚಿದ್ದರೆ ಭಯವಿಲ್ಲ, ಯಂತ್ರ ತನಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತದೆ. ಅಮೆರಿಕದಿಂದ ಬಂದ ಟ್ರಾನ್ಸ್‌ಫಾರ್ಮರ್ ಅಡಾಪ್ಟರನ್ನು ಇಲ್ಲಿಯ ಗೋಡೆಗೆ ಹಾಕಲೇಬೇಡಿ. ಅದು 120 ವೋಲ್ಟಿಗೆ ಸುತ್ತಿದ್ದು. ನಮ್ಮಲ್ಲಿ ಮಾರುವ ಅಡಾಪ್ಟರಿನ ಮೇಲೆ ಬಿಐಎಸ್ ಗುರುತು, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿಕೊಳ್ಳಿ. 2012ರ ಕಡ್ಡಾಯ ನೋಂದಣಿ ಆದೇಶದಿಂದ ಬಂದ ಒಳ್ಳೆಯ ಪದ್ಧತಿ ಇದು.

ಪಿನ್ನಿನ ಅಳತೆಯದು ಇನ್ನೊಂದು ತಕರಾರು. ಹೊರಗೆ ಎರಡೂ 5.5 ಮಿಲಿಮೀಟರ್, ಒಳಗಿನ ತೂತು ಒಂದರಲ್ಲಿ 2.1, ಇನ್ನೊಂದರಲ್ಲಿ 2.5. ಕಣ್ಣಿಗೆ ವ್ಯತ್ಯಾಸ ಕಾಣದು. ದೊಡ್ಡ ತೂತಿನದು ಸಣ್ಣ ಪಿನ್ನಿಗೆ ಸಲೀಸಾಗಿ ಕೂತು, ಅಲುಗಾಡಿದಾಗೆಲ್ಲ ಕೈಕೊಡುತ್ತದೆ. ಈ ವಿಷಯ ಉಮರೇಡಿನವರಿಗೆ ವಿವರಿಸಬೇಕಿಲ್ಲ. ಅವರ ಊರಿನ ಮೇಲೆ ಹಾದ ನಾಗಪುರ-ನಾಗಭೀಡ್ ರೈಲು 762 ಮಿಲಿಮೀಟರಿನ ಪುಟ್ಟ ಹಳಿಯದಾಗಿತ್ತು. 1676ರ ಬ್ರಾಡ್‌ಗೇಜ್ ಮಾಡಲೆಂದು 2019ರಲ್ಲಿ ಅದನ್ನು ನಿಲ್ಲಿಸಿದರು. ಗೇಜು ಹೊಂದದಿದ್ದರೆ ಏನಾಗುತ್ತದೆಂದು ಕಾಕಾ ಆ ರೈಲಿನ ಹೆಸರು ಹೇಳಿಯೇ ನನಗೆ ತೋರಿಸಿಕೊಟ್ಟರು.

ಎರಡನೇ ದಿನ ಕಾಕಾ ಮೂಲೆಯ ಡಬ್ಬದಿಂದ 15-0-15ರ ಟ್ರಾನ್ಸ್‌ಫಾರ್ಮರ್ ತೆಗೆದರು. 500 ಮಿಲಿಆಂಪಿನದು. ಮೂರು ತಂತಿಯಲ್ಲಿ ನಡುವಿನದನ್ನೂ ಒಂದು ಬದಿಯದನ್ನೂ ತಗೊಂಡು, ಉಳಿದ ತಂತಿಯ ತುದಿಗೆ ಸ್ಲೀವ್ ತೊಡಿಸಿ ಮಡಿಸಿಟ್ಟರು. ಮೀಟರಿನಲ್ಲಿ 17.4 ತೋರಿಸಿತು. ಹೊರೆಯಿಲ್ಲದಾಗ ಟ್ರಾನ್ಸ್‌ಫಾರ್ಮರ್ ಹಾಗೆ ಹೆಚ್ಚು ತೋರಿಸುವುದು ಸಹಜ. ಎ.ಸಿ.ಯ ಶಿಖರ ಇದರ 1.414 ಪಟ್ಟು, ಸುಮಾರು 24.6. ರೆಗ್ಯುಲೇಟರ್ 35ರವರೆಗೆ ತಾಳುತ್ತದೆ. ನಾನು ಲೆಕ್ಕ ಹಾಕಿ ಮುಗಿಸುವ ಮೊದಲೇ ಕಾಕಾ 230ರ ಕಡೆಗೆ ಕಾಲು ಆಂಪಿನ ಫ್ಯೂಸ್ ಕೂರಿಸಿ, ಪ್ಲಾಸ್ಟಿಕ್ ಪೆಟ್ಟಿಗೆ ಮುಚ್ಚಿ ಸ್ಕ್ರೂ ಬಿಗಿಯುತ್ತಿದ್ದರು. ಈ ಕೆಲಸವನ್ನು ಮನೆಯಲ್ಲಿ ಮಾಡಬೇಡಿ, ಬಲ್ಲವರ ಕೈಗೇ ಕೊಡಿ. ಬ್ಯಾಟರಿಗಳೆರಡನ್ನೂ ಬದಲಿಸಿದೆವು. ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಜಾತಿಯದೇ ಆಗಬೇಕು ಇದಕ್ಕೆ.

ಇವತ್ತಿನ ಪೋರ್ಟಬಲ್ ಆಂಪ್ಲಿಫೈಯರುಗಳಿಗೆ ಈ ಪಾಡಿಲ್ಲ, ಹೆಚ್ಚುಕಡಿಮೆ ಎಲ್ಲ ಯುಎಸ್‌ಬಿ 5 ವೋಲ್ಟ್. ಫೋನಿನ 65 ವಾಟಿನ ಚಾರ್ಜರ್ ಹಾಕಿದರೆ ಸುಟ್ಟೀತೇ ಎಂದು ಭಾವ ಕೇಳಿದ. ಸುಡದು, ಯಂತ್ರ ಬಾಯಿಬಿಟ್ಟು ಹೆಚ್ಚು ವೋಲ್ಟ್ ಕೇಳುವವರೆಗೆ ಒಳ್ಳೆಯ ಚಾರ್ಜರ್ 5ನ್ನು ದಾಟುವುದಿಲ್ಲ. ಕೆಲವು ಅಗ್ಗದ ಆಂಪ್ಲಿಫೈಯರುಗಳಲ್ಲಿ ಟೈಪ್-ಸಿ ಕಿಂಡಿಯ ಹಿಂದೆ ಇರಬೇಕಾದ 5.1 ಕಿಲೋಓಮ್‌ನ ಎರಡು ರೆಸಿಸ್ಟರ್ ಬಿಟ್ಟಿರುತ್ತಾರೆ. ಆಗ ಎರಡೂ ತುದಿ ಸಿ ಇರುವ ಕೇಬಲ್ಲಿನಲ್ಲಿ ಚಾರ್ಜೇ ಆಗುವುದಿಲ್ಲ. ಒಂದು ತುದಿ ಹಳೇ ಚಪ್ಪಟೆ ಎ ಇರುವ ಕೇಬಲ್ ಹಾಕಿದರೆ ಆಗುತ್ತದೆ. ಯಂತ್ರ ಕೆಟ್ಟಿದೆಯೆಂದು ಎಸೆಯುವ ಮುನ್ನ ಇದೊಂದು ನೋಡಿ.

ಕಾಕಾ ದುಡ್ಡು ತೆಗೆದುಕೊಂಡದ್ದು ಟ್ರಾನ್ಸ್‌ಫಾರ್ಮರಿಗೆ, ಫ್ಯೂಸಿಗೆ, ಪೆಟ್ಟಿಗೆಗೆ ಮಾತ್ರ. ಕೊಡುವ ಮುನ್ನ ಬಿಳಿ ಬಣ್ಣದ ಡಬ್ಬಿಯಲ್ಲಿ ಕಡ್ಡಿ ಅದ್ದಿ, ಕಪ್ಪು ಪೆಟ್ಟಿಗೆಯ ಮೇಲೆ ಒಂದು ಅಲೆ ಬರೆದು, ಕೆಳಗೆ ಮರಾಠಿಯಲ್ಲಿ ದಪ್ಪಗೆ "ಫಕ್ತ ಎ.ಸಿ." (ಎ.ಸಿ. ಮಾತ್ರ) ಎಂದು ಬರೆದರು. ಆ ರಾತ್ರಿ ಹನ್ನೊಂದಕ್ಕೆ ಭಾವ ಹೆಡ್‌ಫೋನ್ ಏರಿಸಿ ಕಣ್ಣು ಮುಚ್ಚಿದ. ತಾನ್ ತಾರಕ್ಕೇರುವ ಜಾಗ ನನಗೂ ಗೊತ್ತಿತ್ತು, ಅವನ ಮುಖವನ್ನೇ ನೋಡುತ್ತಾ ಕೂತೆ. ಬಣ್ಣ ಇನ್ನೂ ಆರಿರಲಿಲ್ಲ, ಪೆಟ್ಟಿಗೆ ಹಿಡಿದ ಅವನ ಹೆಬ್ಬೆರಳಿಗೆ ಅರ್ಧ ಅಲೆ ಮೆತ್ತಿಕೊಂಡಿತ್ತು.